ಅಂಚಿನ ಪೆನ್ಸಿಲ್

ಗೋಣಿಕೊಪ್ಪದ ಗುಜರಿ ಅಂಗಡಿಯಲ್ಲಿ
ಹಂಸಾಕ ತೂಗಿ ಕೊಟ್ಟ: ಎರಡು ಕಿಲೋ ಮುನ್ನೂರು ಗ್ರಾಂ,
ತೆಂಗಿನ ಹಗ್ಗದಲ್ಲಿ ಕಟ್ಟಿದ ಏಳು ಪತ್ತೇದಾರಿ ಕಾದಂಬರಿ.
ಕ್ಯೂರಿಂಗ್ ವರ್ಕ್ಸಿನ ವೇಬ್ರಿಜ್ಜಿನಲ್ಲಿ
ರಾತ್ರಿ ಪಾಳಿಯ ಗುಮಾಸ್ತ ನಾನು,
ತೂಕದ ವಿಷಯ ಸುಮ್ಮನೆ ಬಿಡುವವನಲ್ಲ.
ಹಗ್ಗದ್ದು ಕಳೆಯಿರಿ, ಅಂದೆ. ನಕ್ಕು ಕಳೆದ.

ಏಳರಲ್ಲೂ ಒಂದೇ ನಾಡು, ನವಾಹೊ ಜನರದು.
ಕೆಂಪು ಬಂಡೆ, ಕುರಿ, ಮೈಲಿಗೊಂದು ಒಲೆಯ ಹೊಗೆ,
ಮೂಡಣಕ್ಕೆ ಬಾಗಿಲಿಟ್ಟ ದುಂಡು ಗುಡಿಸಲು.
ಮೂರು ಪುಟ ನಡೆದರೂ ಒಂದು ಮರ ಸಿಗದು.
ಸಿಕ್ಕರೆ, ಅದರ ಬುಡದಲ್ಲಿ ಹೆಣ.

ಅಲ್ಲಿಯ ಪೊಲೀಸಿನವನು
ಯಾರ ಮನೆಗೆ ಹೋದರೂ ಬಾಗಿಲು ತಟ್ಟುವುದಿಲ್ಲ.
ಗಾಡಿಯಲ್ಲೇ ಕೂತು ಕಾಯುತ್ತಾನೆ,
ಒಳಗಿನವರಿಗೆ ಹೊರಬರುವ ಮನಸ್ಸಾಗುವ ತನಕ.
ಅದನ್ನು ಓದಿದ ರಾತ್ರಿ
ನಾನೂ ಯಾವ ಡ್ರೈವರನ್ನೂ ಕೂಗಲಿಲ್ಲ.
ಲಾರಿಗಳ ಸಾಲು ಪೆಟ್ರೋಲ್ ಬಂಕ್ ದಾಟಿತು.
ಬೆಳಿಗ್ಗೆ ಮ್ಯಾನೇಜರ್ ಮೆಮೊ ಕೊಟ್ಟರು.

ಆದರೆ ಅಂಚಿನಲ್ಲಿ ಪೆನ್ಸಿಲ್.
ನನಗಿಂತ ಮೊದಲು ಯಾರೋ ಓದಿದ್ದಾರೆ,
ಇಂಗ್ಲಿಷ್ ಪುಟದೊಡನೆ ಕನ್ನಡದಲ್ಲಿ ಜಗಳವಾಡುತ್ತ.
ಮರಳಿನಲ್ಲಿ ಟೈರಿನ ಗುರುತು ಮೂರು ದಿನ ಉಳಿಯಿತೆಂಬಲ್ಲಿ:
'ನಮ್ಮಲ್ಲಿ ಆನೆಯ ಹೆಜ್ಜೆಯೇ ಬೆಳಗಾಗುವಾಗ ಕೆರೆ.'
ಗುಂಡಿನ ಸದ್ದಿನಿಂದ ಶುರುವಾಗುವ ಅಧ್ಯಾಯಕ್ಕೆ:
'ಒಂದಾದರೆ ಗಂಡು ಮಗು. ಎರಡನೆಯದಕ್ಕೆ ಕಿವಿಗೊಡು.'
ರೋಗ ಬಿಡಿಸುವ ಹಾಡನ್ನು ಇಡಿಯಾಗಿ ಅಚ್ಚು ಹಾಕಿದ ಪುಟದಲ್ಲಿ
ಪೆನ್ಸಿಲ್ ಕಾಗದ ಹರಿದಿದೆ:
'ಇದನ್ನು ಬರೆಯಲು ಯಾರ ಒಪ್ಪಿಗೆ ಕೇಳಿದರು?
ಕಾರಣನ ತೆರೆ ಕಟ್ಟಿದಾಗ ಬಂದ ಮಾತನ್ನು
ಯಾರೋ ಹೀಗೆ ಮಾರಿದರೆ ನಾವು ಬಿಡುತ್ತೇವೆಯೇ?'
ಪುಟ ತಿರುವಿದರೆ, ಇರುವೆಯಷ್ಟು ಸಣ್ಣಕ್ಷರ:
'ಆದರೂ ಕೆಳಗಿಡಲಾಗುತ್ತಿಲ್ಲ.'

ಕೊಲೆ ಮಾಡಿದವರು ಯಾರಾದರೂ ಆಗಲಿ,
ಈ ಪೆನ್ಸಿಲ್ ಯಾರದು?
ಗಡಸು ಅಕ್ಷರ, ಗೆರೆ ನೆಟ್ಟಗೆ. ಸುಬೇದಾರ ಅಂದುಕೊಂಡೆ,
ಪೆನ್ಷನ್ ತಗೊಂಡವನು, ಮೀಸೆಯವನು.
ಮೂರನೆಯ ಪುಸ್ತಕದಲ್ಲಿ ಕುಟ್ಟದ ಬಸ್ ಟಿಕೆಟ್.
ಐದರಲ್ಲಿ ಕಂದಾಗಿ ಒಣಗಿದ ಕಾಫಿ ಹೂವು.
ಸುಬೇದಾರ ಹೂವಿಡುತ್ತಾನೆಯೇ? ಇಟ್ಟರೂ ಇಟ್ಟಾನು.
ಆರರಲ್ಲಿ ಅಮ್ಮತ್ತಿಯ ಮೆಡಿಕಲ್ ಶಾಪಿನ ಬಿಲ್ಲು,
ಮಂಡಿನೋವಿನ ಎಣ್ಣೆ ಒಂದು ಬಾಟಲಿ,
ಹೆಸರಿನ ಮುಂದೆ 'ಶ್ರೀಮತಿ'.
ಆರು ಪುಸ್ತಕದುದ್ದಕ್ಕೂ
ಇಲ್ಲದ ಮೀಸೆಯ ಬೆನ್ನು ಹತ್ತಿದ್ದೆ.

ಏಳನೆಯದರಲ್ಲಿ ನೂರನಲವತ್ತಕ್ಕೆ ಪೆನ್ಸಿಲ್ ನಿಂತಿದೆ.
ವಾಕ್ಯವೂ ಮುಗಿದಿಲ್ಲ:
'ಇವನಲ್ಲ. ಅವಳ ತಮ್ಮನ'

ಎಲ್ಲಿಂದ ಬಂತು ಹಂಸಾಕ, ಈ ಕಟ್ಟು?
'ಅಮ್ಮತ್ತಿಯಾಚೆ ಒಂದು ಮನೆ. ಕಕ್ಕಡ ಕಳೆದ ಮೇಲೆ
ಬೀರು ಖಾಲಿ ಮಾಡಿದರು. ಯಾಕೆ, ಪುಟ ಕಮ್ಮಿಯಾ?'
ಕಕ್ಕಡದಲ್ಲಿ ಒಂದು ಸಂಜೆ ಆ ದಾರಿಯಲ್ಲಿ
ಬೈಕ್ ಪಂಕ್ಚರಾಗಿ ನಿಂತಿದ್ದೆ.
ಎರಡು ಗುಂಡು ಕೇಳಿಸಿತು.
ತೋಟಕ್ಕೆ ನುಗ್ಗಿದ ಹಂದಿಗಿರಬೇಕು
ಅಂದುಕೊಂಡು ನಟ್ಟು ಬಿಗಿದೆ.

ಆ ನಾಡಿನಲ್ಲಿ ಸತ್ತವರ ಹೆಸರು ಎತ್ತುವುದಿಲ್ಲವಂತೆ.
ಬಿಲ್ಲಿನಲ್ಲಿ ಹೆಸರಿದೆ.
ಇಲ್ಲಿ ಬರೆಯುವುದಿಲ್ಲ.

ಈಗ ಮಾರ್ಚ್. ಹೂಮಳೆಗೆ ಕಾದು
ಊರಿಗೂರೇ ಕತ್ತೆತ್ತಿ ನೋಡುತ್ತಿದೆ.
ವೇಬ್ರಿಜ್ಜಿನ ಪಕ್ಕದ ಕೆಂಪು ಧೂಳಿನಲ್ಲಿ
ಶುಕ್ರವಾರದ ಲಾರಿಯ ಟೈರಿನ ಗುರುತು
ಸೋಮವಾರವೂ ಅಚ್ಚಿನಂತಿದೆ. ನೀವು ನೋಡಬೇಕಿತ್ತು.
ಈ ಒಂದು ತಿಂಗಳ ಮಟ್ಟಿಗೆ
ಅವರ ಮಣ್ಣೂ ನಮ್ಮದೂ ನೆಂಟರು.

ಇನ್ನೂರ ಹತ್ತನೇ ಪುಟದಲ್ಲಿ ಸಿಕ್ಕಿಬಿದ್ದಳು.
ಹಿಂದೆ ಬಂದೆ, ನೂರನಲವತ್ತಕ್ಕೆ.
ಪೆನ್ಸಿಲ್ ಇರಲಿಲ್ಲ, ತೂಕದ ಚೀಟಿ ಬರೆಯುವ ನೀಲಿ ಪೆನ್ನು.
'ಅವಳ ತಮ್ಮನ'
ಪಕ್ಕದಲ್ಲಿ ಸೇರಿಸಿದೆ: 'ಹೆಂಡತಿ. ಸರಿಯಾಗಿ ಹಿಡಿದಿದ್ದಿರಿ.'

ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿದೆ.
ಕಾಯುವುದು ಗೊತ್ತಿಲ್ಲ ಅವನಿಗೆ.
ಶಾಯಿ ಒಣಗಲಿ.